ಆಪ್ತಸಲಹೆ ಪ್ರಕರಣ: ಒಂಬತ್ತನೇ ತಿಂಗಳ ಖಾಲಿ ಸಾಲು

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಶ. ಅವರಿಗೆ 28 ವರ್ಷ. ಎರಡನೇ ಮಗುವಿನ ಬಗ್ಗೆ ಕೇಳಲು ಬಂದಿದ್ದರು. ಜೊತೆಗೆ ಅತ್ತೆ, ಸೊಂಟದ ಮೇಲೆ 17 ತಿಂಗಳ ಮಗ. ತಾಯಿ ಕಾರ್ಡ್‌ನಲ್ಲಿ ಹದಿನಾಲ್ಕನೇ ವಾರದವರೆಗಿನ ತಾರೀಕುಗಳೆಲ್ಲ ತುಂಬಿದ್ದವು. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ (ದಡಾರದಂತೆಯೇ ಗುಳ್ಳೆ ಏಳಿಸುವ ಇನ್ನೊಂದು ವೈರಾಣು ರೋಗ) ಲಸಿಕೆಯ ಸಾಲು ಮಾತ್ರ ಖಾಲಿ.

"ಅವತ್ತು ನೆಗಡಿ ಇತ್ತು" ಎಂದರು ಶ. ನೆಗಡಿ ಎಂಟು ತಿಂಗಳು ಇರುವುದಿಲ್ಲ. ಇದ್ದರೂ ಸಣ್ಣ ನೆಗಡಿಗೆ ಈ ಲಸಿಕೆ ತಪ್ಪಿಸಬೇಕಿಲ್ಲ. ಕೊನೆಗೆ ಅತ್ತೆಯೇ ಬಾಯಿಬಿಟ್ಟರು. ಪಕ್ಕದ ಮನೆ ಕೂಸಿಗೆ ಇದೇ ಸೂಜಿ ಹಾಕಿಸಿದ ಎಂಟನೇ ದಿನ ಜ್ವರ ಏರಿ ಫಿಟ್ಸ್ ಬಂದಿತ್ತಂತೆ.

ಸುಳ್ಳು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. "ಅಮ್ಮಾ, ಆಗುವುದುಂಟು" ಎಂದೇ ಶುರುಮಾಡಲಾಯಿತು. ಈ ಲಸಿಕೆಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಾಣು. ಮೈಯಲ್ಲಿ ಬೆಳೆಯಲು ವಾರ ಹಿಡಿಯುವುದರಿಂದ ಜ್ವರ ಅದೇ ರಾತ್ರಿ ಬಾರದೆ ಸಾಮಾನ್ಯವಾಗಿ 6ರಿಂದ 12ನೇ ದಿನದೊಳಗೆ ಬರುತ್ತದೆ, ಕೆಲವರಿಗೆ ತೆಳು ಗುಳ್ಳೆಯೂ ಏಳುತ್ತದೆ. ಜ್ವರದ ಫಿಟ್ಸ್ ಸುಮಾರು 3,000–4,000 ಡೋಸ್‌ಗೆ ಒಂದು. ನೋಡಲು ಭಯವಾದರೂ ಸಾಮಾನ್ಯವಾಗಿ ಮಿದುಳಿಗೆ ಹಾನಿಯಿಲ್ಲ. ನಿಜವಾದ ದಡಾರ ಬಂದರೆ ಸುಮಾರು ಸಾವಿರಕ್ಕೆ ಒಬ್ಬರಿಗೆ ಮಿದುಳೇ ಊದಿಕೊಳ್ಳುತ್ತದೆ.

"ಅಮ್ಮ ಒಂದ್ಸಲ ಬಂದು ಹೋದ್ರೆ ಒಳ್ಳೇದಲ್ವಾ?" ಎಂದರು ಅತ್ತೆ. ಅಮ್ಮ ಎಂದರೆ ಅವರಿಗೆ ದಡಾರವೇ. ಅದು ಬಂದುಹೋದ ಮೇಲೂ ಬಿಡುವುದಿಲ್ಲ. ಬೇರೆ ರೋಗಗಳ ವಿರುದ್ಧ ಮಗು ಗಳಿಸಿದ್ದ ಶಕ್ತಿಯನ್ನೂ ಅಳಿಸುತ್ತದೆ. ತಿಂಗಳುಗಟ್ಟಲೆ ಭೇದಿ, ನ್ಯುಮೋನಿಯಾ ಕಾಡಬಹುದು.

ಮಗುವಿಗೆ ಹೇಳಿದ್ದು: ಮೊದಲ ಡೋಸ್ ಇದೇ ವಾರ, ಎರಡನೆಯದು ಕನಿಷ್ಠ 4 ವಾರ ಬಿಟ್ಟು. ಹಳೆಯ ಲಸಿಕೆಗಳನ್ನು ಮತ್ತೆ ಮೊದಲಿಂದ ಹಾಕಿಸಬೇಕಿಲ್ಲ. ಡೋಸ್ 0.5 ಮಿ.ಲೀ., ಬಲತೋಳಿನ ಚರ್ಮದಡಿಗೆ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಲಸಿಕೆಯ ಪುಡಿ ಕಲಸಿದ ಸೀಸೆಯನ್ನು 4 ಗಂಟೆಯೊಳಗೆ ಬಳಸಬೇಕು, ಆದ್ದರಿಂದ ಕಲಸಿದ ಹೊತ್ತನ್ನು ಸಿಸ್ಟರ್ ಬಳಿ ಕೇಳುವುದರಲ್ಲಿ ಸಂಕೋಚವಿಲ್ಲ. ಮಗು 10 ಕೆ.ಜಿ. ಇತ್ತು. ಜ್ವರ ಬಂದರೆ ಪ್ಯಾರಾಸಿಟಮಾಲ್ ಸಿರಪ್ 5 ಮಿ.ಲೀ.ಗೆ 120 ಮಿ.ಗ್ರಾಂ.ನದ್ದಾದರೆ 6 ಮಿ.ಲೀ., 250ರದ್ದಾದರೆ 3 ಮಿ.ಲೀ. ಸಾಕು, 6 ಗಂಟೆ ಅಂತರದಲ್ಲಿ. ಮನೆಗಳಲ್ಲಿ ಎಡವುವುದು ಇಲ್ಲೇ: ಹಳೆ ಬಾಟಲಿಯ ಅಳತೆಯಲ್ಲಿ ಹೊಸ ಬಾಟಲಿ ಸುರಿಯುತ್ತಾರೆ. ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕದೆ ಆಸ್ಪತ್ರೆಗೆ.

ಸರ್ಕಾರಿ ಲಸಿಕೆಯಲ್ಲಿ ಮಂಗನಬಾವು ಸೇರಿಲ್ಲ. ಅದೂ ಬೇಕೆಂದರೆ ಖಾಸಗಿಯಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಲಸಿಕೆ).

ಇನ್ನು ಶ. ಅವರ ವಿಚಾರ. 2017ರ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ 15 ವರ್ಷದೊಳಗಿನವರಿಗಿತ್ತು, ಆಗ ಅವರು ಅದನ್ನು ದಾಟಿದ್ದರು. "ಚಿಕ್ಕವಳಿದ್ದಾಗ ಗುಳ್ಳೆ ಎದ್ದಿತ್ತು" ಎಂಬ ನೆನಪು ರುಬೆಲ್ಲಾ ಬಂದುಹೋಗಿದ್ದಕ್ಕೆ ಸಾಕ್ಷಿಯಲ್ಲ. ಬಸಿರಿನ ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ತಗುಲಿದರೆ ಕೂಸಿನ ಕಣ್ಣು, ಕಿವಿ, ಹೃದಯಕ್ಕೇ ಪೆಟ್ಟು. ಬಸಿರಾದ ಮೇಲೆ ಲಸಿಕೆ ಕೊಡುವಂತಿಲ್ಲ. ಹಾಗಾಗಿ ಮುಟ್ಟಾದ ಕೂಡಲೇ ಎಂಎಂಆರ್, ನಾಲ್ಕು ವಾರಕ್ಕೆ ಇನ್ನೊಂದು, ಆಮೇಲೆ ಒಂದು ತಿಂಗಳು ಗರ್ಭ ನಿಲ್ಲದಂತೆ ಎಚ್ಚರ. ಎದೆಹಾಲು ಬಿಡಿಸಬೇಕಿಲ್ಲ.

ಎರಡೂ ತಾರೀಕುಗಳನ್ನು ಅತ್ತೆಯೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿಕೊಂಡರು. ಎಂಟನೇ ದಿನಕ್ಕೂ ಒಂದು ಸುತ್ತು ಬಿತ್ತು.