ಓದುಗರ ಪ್ರಶ್ನೆ: ವಸಂತದ ಕಾಡುಹೂಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಎಲೆಯುದುರುವ ಕಾಡುಗಳಲ್ಲಿ ನೆಲದ ಹೂಗಳನ್ನು ನೋಡಲು ಯಾವಾಗ ಹೋಗಬೇಕು? ಹಿಂದಿನ ವರ್ಷ ಚೆನ್ನಾಗಿ ಸಿಕ್ಕಿದ ತಾರೀಖಿಗೇ ಹೋದೆವು, ಎಲ್ಲ ಬಾಡಿತ್ತು.

ಉತ್ತರ: ತಾರೀಖು ಬಿಡಿ, ಮರದ ಕೊಂಬೆ ನೋಡಿ. ಸಮಶೀತೋಷ್ಣ ವಲಯದ ಈ ಕಾಡುಗಳಲ್ಲಿ ನೆಲಕ್ಕೆ ಧಾರಾಳವಾಗಿ ಬಿಸಿಲು ಬೀಳುವುದು ಮರಗಳು ಚಿಗುರಿ ನೆರಳು ಕವಿಯುವ ತನಕ ಮಾತ್ರ. ಹಲವು ಗಿಡಗಳು ಅಷ್ಟರೊಳಗೆ ಎಲೆ ಬಿಟ್ಟು, ಹೂತು, ಮುಂದಿನ ವರ್ಷಕ್ಕೆ ಬೇಕಾದ ಆಹಾರವನ್ನು ಗೆಡ್ಡೆಗೆ ತುಂಬಿಕೊಳ್ಳುತ್ತವೆ. ಮರದ ಮೊಗ್ಗು ಉಬ್ಬಿ, ಎಲೆ ಇನ್ನೂ ಪೂರ್ತಿ ಬಿಚ್ಚದ ದಿನಗಳೇ ಸರಿಯಾದ ಕಾಲ.

ತಡವಾಯಿತು ಅನ್ನಿಸಿದರೆ ಎತ್ತರಕ್ಕೆ ಹೋಗಿ. ಪ್ರತಿ 120 ಮೀಟರಿಗೆ ವಸಂತ ಸುಮಾರು 4 ದಿನ ತಡ ಎಂಬುದು ಅಮೆರಿಕದ ಕೀಟತಜ್ಞ ಆಂಡ್ರೂ ಹಾಪ್‌ಕಿನ್ಸ್ 1918ರಲ್ಲಿ ಮುಂದಿಟ್ಟ ಲೆಕ್ಕ. ಒರಟು ಲೆಕ್ಕವೇ, ಆದರೂ ಕೆಲಸಕ್ಕೆ ಬರುತ್ತದೆ. ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಹೂಬಿಡುತ್ತದೆ, ಉತ್ತರದ್ದು ಆಮೇಲೆ. ಬೆಳಗಾಗುತ್ತಲೇ ಓಡಬೇಕಾಗಿಲ್ಲ: ಅನೆಮೊನಿ, ಬ್ಲಡ್‌ರೂಟ್‌ನಂಥ ಹೂಗಳು ರಾತ್ರಿ ಮುಚ್ಚಿಕೊಂಡಿದ್ದು, ಬಿಸಿಲೇರಿದ ಮೇಲೆಯೇ ಅರಳುವುದು.

ಪ್ರಶ್ನೆ: ಬಣ್ಣ ನೋಡಿ, ಎಸಳು ಎಣಿಸಿ ಕೈಪಿಡಿಯಲ್ಲಿ ಹುಡುಕಿದರೂ ಹೆಸರು ತಪ್ಪುತ್ತದೆ. ಯಾಕೆ?

ಉತ್ತರ: ಬಣ್ಣದಿಂದ ಶುರು ಮಾಡುವುದೇ ಎಡವಟ್ಟು. ದೊಡ್ಡ ಬಿಳಿ ಟ್ರಿಲಿಯಂ ಹಳತಾದಂತೆ ಗುಲಾಬಿಗೆ ತಿರುಗುತ್ತದೆ. ವರ್ಜೀನಿಯಾ ಬ್ಲೂಬೆಲ್‌ನ ಮೊಗ್ಗು ಗುಲಾಬಿ, ಅರಳಿದ ಹೂ ನೀಲಿ. ಒಂದೇ ಗಿಡವನ್ನು ಎರಡು ಪುಟಗಳಲ್ಲಿ ಹುಡುಕುವವರು ಬಹಳ ಮಂದಿ.

ಮೊದಲು ಎಲೆ ನೋಡಿ. ಎದುರುಬದುರಾಗಿವೆಯೇ, ಒಂದಾದ ಮೇಲೊಂದು ಮೇಲೇರಿವೆಯೇ, ಒಂದೇ ಗಿಣ್ಣಿನ ಸುತ್ತ ಮೂರ್ನಾಲ್ಕು ಇವೆಯೇ, ಅಥವಾ ಎಲ್ಲವೂ ಬುಡದಲ್ಲೇ ಇವೆಯೇ? ಅಂಚು ಹಲ್ಲುಹಲ್ಲಾಗಿದೆಯೇ? ಇದಾದ ಮೇಲೆ ಹೂವಿನ ಭಾಗಗಳನ್ನು ಎಣಿಸಿ. ಮೂರು ಅಥವಾ ಆರಾದರೆ ಸಾಮಾನ್ಯವಾಗಿ ಏಕದಳ ಗುಂಪು (ಬೀಜದಲ್ಲಿ ಒಂದೇ ಬೇಳೆ). ನಾಲ್ಕು ಅಥವಾ ಐದಾದರೆ ದ್ವಿದಳ (ಎರಡು ಬೇಳೆ). ನಾಲ್ಕು ಎಸಳು ಶಿಲುಬೆಯಂತೆ ಹರಡಿ, ಆರು ಕೇಸರಗಳಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ ಇದ್ದರೆ ಸಾಸಿವೆ ಕುಟುಂಬ ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು.

ಹೆಚ್ಚಿನವರು ಬೀಳುವ ಗುಂಡಿ ಹೆಪಾಟಿಕಾ ಎಂಬ ಹೂ. ಇದರಲ್ಲಿ ಬಣ್ಣದ ಎಸಳಿನಂತೆ ಕಾಣುವುವು ನಿಜವಾಗಿ ಪುಷ್ಪಪತ್ರಗಳು, ಅಂದರೆ ಸಾಮಾನ್ಯವಾಗಿ ಎಸಳಿನ ಹೊರಗೆ ಹಸಿರಾಗಿರುವ ಭಾಗಗಳು. ಕೆಳಗಿರುವ ಮೂರು ಹಸಿರು ತುಣುಕುಗಳನ್ನು ಜನ ಪುಷ್ಪಪತ್ರ ಅಂದುಕೊಳ್ಳುತ್ತಾರೆ. ಹೂವನ್ನು ಪಕ್ಕದಿಂದ ನೋಡಿದರೆ ಆ ತುಣುಕುಗಳಿಗೂ ಹೂವಿಗೂ ನಡುವೆ ತೊಟ್ಟಿನ ಸಣ್ಣ ತುಂಡು ಕಾಣುತ್ತದೆ: ಅವು ಹೂವಿನ ಭಾಗವೇ ಅಲ್ಲ, ಚಿಕ್ಕ ಎಲೆಗಳು. ಹೆಪಾಟಿಕಾ, ಅನೆಮೊನಿಗಳಲ್ಲಿ ಎಸಳಿನಂಥ ಭಾಗಗಳ ಸಂಖ್ಯೆ ಹೂವಿಂದ ಹೂವಿಗೆ ಬದಲಾಗುವುದರಿಂದ ಒಂದೇ ಹೂವನ್ನು ನಂಬದೆ ನಾಲ್ಕೈದು ಹೂ ಎಣಿಸಿ.

ಇದಕ್ಕೆಲ್ಲ 10 ಪಟ್ಟು ದೊಡ್ಡದಾಗಿ ತೋರಿಸುವ ಕಿಸೆ ಭೂತಗನ್ನಡಿ ಸಾಕು. ಗಾಜನ್ನು ಹೂವಿನ ಮೇಲೆ ಹಿಡಿದು ದೂರದಿಂದ ನೋಡಿದರೆ ಏನೂ ಕಾಣದು. ಕಣ್ಣಿಗೆ ಹತ್ತಿರ ಹಿಡಿದು, ಹೂವಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಅಂತರಕ್ಕೆ ತಲೆ ಬಗ್ಗಿಸಿ. ಮಂಡಿ ಊರುವ ಮೊದಲು ಅಲ್ಲಿ ಮೊಳಕೆ ಇದೆಯೇ ನೋಡಿಕೊಳ್ಳಿ.

ಪ್ರಶ್ನೆ: ಮೊಬೈಲ್ ಆ್ಯಪ್ ಹೇಳುವ ಹೆಸರು ನಂಬಬಹುದೇ?

ಉತ್ತರ: ಕುಲದ ಮಟ್ಟಿಗೆ ಎಷ್ಟೋ ಸಲ ಸರಿ, ಪ್ರಭೇದಕ್ಕೆ ಬಂದಾಗ ಅನುಮಾನ. ತಪ್ಪಿಗೆ ಅರ್ಧ ಕಾರಣ ನಮ್ಮ ಫೋಟೊ. ಹೂವಿನ ಮುಂಭಾಗ, ಪಕ್ಕ, ಎಲೆಯ ಎರಡೂ ಮೈ, ಕಾಂಡ, ಇಡೀ ಗಿಡ, ಇಷ್ಟನ್ನೂ ತೆಗೆಯಿರಿ. ಅಳತೆಗೆ ಬೆರಳು ಪಕ್ಕದಲ್ಲಿರಲಿ.

ಪ್ರಶ್ನೆ: ಕಾಡುಬೆಳ್ಳುಳ್ಳಿಯನ್ನು ವಾಸನೆಯಿಂದಲೇ ಗುರುತಿಸಬಹುದು ಅನ್ನುತ್ತಾರೆ. ಸರಿಯೇ?

ಉತ್ತರ: ಮೊದಲ ಎಲೆಗೆ ಮಾತ್ರ ಸರಿ. ಒಂದನ್ನು ಹೊಸಕಿದ ಮೇಲೆ ಬೆರಳಿಗೇ ವಾಸನೆ ಅಂಟಿರುತ್ತದೆ, ಪಕ್ಕದ ವಿಷದ ಎಲೆಯೂ ಬೆಳ್ಳುಳ್ಳಿಯಂತೆ ನಾರುತ್ತದೆ. ಹೃದಯಕ್ಕೆ ವಿಷವಾಗುವ ಲಿಲಿ ಆಫ್ ದ ವ್ಯಾಲಿ ಹೂಬಿಡುವ ಮೊದಲು ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಕಾಡುಬೆಳ್ಳುಳ್ಳಿಯ ಪ್ರತಿ ಎಲೆಗೂ ನೆಲದಿಂದೆದ್ದ ಬೇರೆ ತೊಟ್ಟು. ಲಿಲಿಯಲ್ಲಿ ಎರಡು ಎಲೆ ಬುಡದಲ್ಲಿ ಒಂದನ್ನೊಂದು ಸುತ್ತಿಕೊಂಡಿರುತ್ತವೆ. ಸಂದೇಹವಿದ್ದರೆ ಬಾಯಿಗಿಡಬೇಡಿ.

ಪ್ರಶ್ನೆ: ಒಂದೇ ಒಂದು ಟ್ರಿಲಿಯಂ ಕಿತ್ತು ಒಣಗಿಸಿಟ್ಟರೆ ಏನಾಗುತ್ತದೆ?

ಉತ್ತರ: ಹೂವಿನ ಜೊತೆ ಅದರ ಕೆಳಗಿನ ಮೂರು ಎಲೆಗಳೂ ಕಿತ್ತು ಬರುತ್ತವೆ. ಗಿಡಕ್ಕಿರುವುದು ಅಷ್ಟೇ ಎಲೆ, ಆ ವರ್ಷ ಗೆಡ್ಡೆಗೆ ಊಟವಿಲ್ಲ. ಬೀಜದಿಂದ ಹೂ ಕಾಣಲು ಏಳು ವರ್ಷ ಅಥವಾ ಹೆಚ್ಚು ಬೇಕು. ಬೀಜ ಹರಡುವುದು ಇರುವೆಗಳು, ಅದಕ್ಕಂಟಿದ ಎಣ್ಣೆಯ ತುಣುಕಿನ ಆಸೆಗೆ. ಅವು ಹೆಚ್ಚು ದೂರ ಒಯ್ಯುವುದಿಲ್ಲ, ಹಾಗಾಗಿ ಬರಿದಾದ ಜಾಗ ಬೇಗ ತುಂಬದು. ಫೋಟೊ ತೆಗೆದುಕೊಳ್ಳಿ.