ಅಲೋಶಿಯಸ್ ಡಿಗ್ರಿ, ಸರ್ಟಿಫಿಕೇಟಿನಲ್ಲಿ ಮಂಗಳೂರು ವಿ.ವಿ.: ಅರ್ಜಿಯಲ್ಲಿ ಯಾವುದನ್ನು ಬರೆಯಬೇಕು?

ಅಲೋಶಿಯಸ್‌ನಲ್ಲಿ ಓದಿದ ನೀವು ಕೇರಳದ ವಿ.ವಿ.ಗೆ ಸೇರಲು ಹೊರಟಾಗ, ಸರ್ಟಿಫಿಕೇಟಿನಲ್ಲಿ ಮಂಗಳೂರು ವಿ.ವಿ. ಅಂತ ಇರುವುದಕ್ಕೆ ಕೌಂಟರಿನವರು ತಕರಾರು ತೆಗೆದರು, ಈಗ ಅರ್ಜಿಯಲ್ಲಿ ಏನು ಬರೆಯಲಿ ಅಂತ ಕೇಳಿದ್ದೀರಿ. ಸರ್ಟಿಫಿಕೇಟ್ ತಪ್ಪಿಲ್ಲ, ಕಾಲೇಜಿನ ಸ್ಥಾನಮಾನ ಬದಲಾಗಿದ್ದರಿಂದ ಆದ ಗೊಂದಲ ಅಷ್ಟೇ. ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಶುರು ಮಾಡಿದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಮೊದಲು ಮದ್ರಾಸ್ ವಿ.ವಿ.ಯ, ಆಮೇಲೆ ಮೈಸೂರು ವಿ.ವಿ.ಯ ಕೆಳಗಿತ್ತು, 1980ರಲ್ಲಿ ಮಂಗಳೂರು ವಿ.ವಿ. ಬಂದ ಮೇಲೆ ಅದರ ಕೆಳಗೆ ಬಂತು. 2007ರಲ್ಲಿ ಸ್ವಾಯತ್ತ ಆಯಿತು. ಅಂದರೆ ಸಿಲೆಬಸ್, ಪರೀಕ್ಷೆ ಕಾಲೇಜಿನದ್ದು, ಡಿಗ್ರಿ ಮಾತ್ರ ಮಂಗಳೂರು ವಿ.ವಿ.ಯದ್ದು. ಡೀಮ್ಡ್ ವಿಶ್ವವಿದ್ಯಾಲಯ (ಅಂದರೆ ತಾನೇ ಡಿಗ್ರಿ ಕೊಡಬಹುದಾದ ಸಂಸ್ಥೆ) ಆಗಿದ್ದು 2024ರ ಜನವರಿಯಲ್ಲಿ.

ನೀವು 2022ರಲ್ಲಿ ಮುಗಿಸಿದವರು. ಹಾಗಾಗಿ ವಿಶ್ವವಿದ್ಯಾಲಯದ ಜಾಗದಲ್ಲಿ ಮಂಗಳೂರು ವಿ.ವಿ. ಅಂತಲೇ ತುಂಬಿ, ಕಾಲೇಜಿನ ಜಾಗದಲ್ಲಿ ಅಲೋಶಿಯಸ್. ನಿಮ್ಮ ತಮ್ಮ 2024ರ ಹೊತ್ತಿಗೆ ಇನ್ನೂ ಓದುತ್ತಿದ್ದ ಅಂದಿರಲ್ಲ, ಅವನದ್ದು ಬೇರೆ ಇರಬಹುದು, ಅವನ ಸರ್ಟಿಫಿಕೇಟಿನಲ್ಲಿ ಏನು ಅಚ್ಚಾಗಿದೆಯೋ ಅದನ್ನೇ ಬರೆಯಲಿ.

ಆಮೇಲೆ ನೀವು ಸೇರಬೇಕೆಂದಿರುವ ಕೇರಳದ ವಿ.ವಿ.ಯಲ್ಲಿ ಹೊರರಾಜ್ಯದ ಡಿಗ್ರಿಗೆ ಎಲಿಜಿಬಿಲಿಟಿ ಸರ್ಟಿಫಿಕೇಟ್ (ಆ ಡಿಗ್ರಿ ಅಲ್ಲಿ ನಡೆಯುತ್ತದೆ ಅನ್ನುವ ಪತ್ರ) ಬೇಕಾ ಅಂತ ಮೊದಲೇ ಕೇಳಿ, ಬೇಕಾಗಬಹುದು. ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಟಿಸಿ ಜೊತೆಗಿರಲಿ. ಮೈಗ್ರೇಶನ್ ಸರ್ಟಿಫಿಕೇಟ್ (ಒಂದು ವಿ.ವಿ.ಯಿಂದ ಇನ್ನೊಂದಕ್ಕೆ ಹೋಗಲು ಬೇಕಾದ ಪತ್ರ) ಮಂಗಳೂರು ವಿ.ವಿ.ಯಿಂದ ತರಬೇಕು, ಅದಕ್ಕೆ ಈಗಲೇ ಅರ್ಜಿ ಹಾಕಿ. ಕೌಂಟರಿನವರು ಮತ್ತೆ ತಕರಾರು ತೆಗೆದರೆ ಸುಮ್ನೆ ವಾದ ಬೇಡ, ಕಾಲೇಜಿನ ಪರೀಕ್ಷಾ ವಿಭಾಗದಿಂದ ಸ್ಥಾನಮಾನ ಬದಲಾದ ಬಗ್ಗೆ ಒಂದು ಪತ್ರ ಕೇಳಿ ಪಡೆದು ಲಗತ್ತಿಸಿ.