ಕಂಬಳಿ ಕಳಿಸಲೋ, ರಜಾಯಿ ಕೊಳ್ಳಲು ಹೇಳಲೋ?

ಪ್ರಶ್ನೆ: ಮಗಳು ಓದಲು ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿದ್ದಾಳೆ. ಅಲ್ಲಿ ರಜಾಯಿಗಳ ಮೇಲೆ 4.5 ಟಾಗ್, 10.5 ಟಾಗ್ ಅಂತ ಬರೆದಿರುತ್ತದಂತೆ. ಏನದು? ಹೇಗೆ ಅಳೆಯುತ್ತಾರೆ? ನಮ್ಮ ಮೇಡ್ಲೇರಿ ಕಂಬಳಿ ಕಳಿಸಿದರೆ ಸಾಲದೇ? ಮನೆಯಲ್ಲೇ ಪರೀಕ್ಷೆ ಮಾಡಬಹುದಾ?
— ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ಬಟ್ಟೆ ಪರೀಕ್ಷೆಯ ಲ್ಯಾಬಿನಲ್ಲೇ ನೌಕರಿ ಮುಗಿಸಿದವಳು ನಾನು. ಅಲ್ಲಿಗೆ ಬಂದವರೆಲ್ಲ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ‘ಇದು ಬೆಚ್ಚಗಿದೆ’ ಎನ್ನುತ್ತಿದ್ದರು. ಕೆನ್ನೆಗೆ ಗೊತ್ತಾಗುವುದು ಮುಟ್ಟಿದ ಕ್ಷಣದ ಬಿಸಿ ಮಾತ್ರ. ರಾತ್ರಿಯಿಡೀ ಮೈಶಾಖ ಎಷ್ಟು ಉಳಿಯುತ್ತದೆ ಎಂದು ತಿಳಿಯಲು ಬೇರೆ ಪರೀಕ್ಷೆಯೇ ಬೇಕು.

ಬಟ್ಟೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ ಅಲ್ವಾ? ಮೈಯ ಶಾಖ ಸೋರದಂತೆ ತಡೆಯುತ್ತದೆ. ಆ ತಡೆಯನ್ನೇ ಅಳೆಯುತ್ತಾರೆ. ಒಂದು ಲೋಹದ ಹಲಗೆಯನ್ನು ಕರೆಂಟಿನಿಂದ ಕಾಯಿಸಿ, ಚರ್ಮದಷ್ಟೇ ಬಿಸಿಯಲ್ಲಿ, ಅಂದರೆ ಸುಮಾರು 35 ಡಿಗ್ರಿಯಲ್ಲಿ ಇಡುತ್ತಾರೆ. ಅದರ ಸುತ್ತಲೂ ಅಡಿಗೂ ಅಷ್ಟೇ ಬಿಸಿಯ ಕಾವಲು ಹಲಗೆಗಳಿರುತ್ತವೆ. ಹಾಗಾಗಿ ಶಾಖ ಹೋಗಲು ಮೇಲೆ ಹಾಸಿದ ಬಟ್ಟೆಯೊಂದೇ ದಾರಿ. ಬಿಸಿ ಇಳಿಯದಂತೆ ನೋಡಿಕೊಳ್ಳಲು ಕರೆಂಟು ಎಷ್ಟು ಕಡಿಮೆ ಸಾಕಾಯಿತೋ, ಬಟ್ಟೆ ಅಷ್ಟು ಬೆಚ್ಚಗೆ.

ಈ ತಡೆಯ ಅಳತೆಯೇ ಟಾಗ್; ಟಾಗ್ ಹೆಚ್ಚಿದಷ್ಟೂ ಬೆಚ್ಚಗೆ. ಅದು ಹುಟ್ಟಿದ್ದು 1940ರ ದಶಕದಲ್ಲಿ, ಮ್ಯಾಂಚೆಸ್ಟರಿನ ಬಟ್ಟೆ ಸಂಶೋಧನಾ ಸಂಸ್ಥೆಯಾದ ಶರ್ಲಿ ಇನ್‌ಸ್ಟಿಟ್ಯೂಟಿನಲ್ಲಿ. ನಿಮ್ಮ ಮಗಳಿರುವ ಊರಿಗೆ ಹತ್ತಿರವೇ. ರಜಾಯಿಯ ಒಳಮೈ 35 ಡಿಗ್ರಿ, ಹೊರಮೈ 15 ಡಿಗ್ರಿ ಇದೆ ಅನ್ನಿ. 10 ಟಾಗ್‌ನ ರಜಾಯಿಯಲ್ಲಿ ಚದರ ಮೀಟರಿಗೆ 20 ವ್ಯಾಟ್ ಶಾಖ ಸೋರುತ್ತದೆ. 5 ಟಾಗ್‌ನದಾದರೆ 40.

ಈಗ ಕಂಬಳಿಯ ವಿಚಾರ. ಶಾಖ ತಡೆಯುವುದರಲ್ಲಿ ನೂಲಿಗಿಂತ ಅದರ ನಡುವೆ ಅಲುಗದೆ ನಿಂತ ಗಾಳಿಯ ಪಾಲೇ ಜಾಸ್ತಿ. ಒಂದು ಸೆಂಟಿಮೀಟರ್ ದಪ್ಪದ ನಿಂತ ಗಾಳಿ ಸುಮಾರು 4 ಟಾಗ್. ಹಾಗಾಗಿ ಅರ್ಧ ಸೆಂಟಿಮೀಟರ್ ದಪ್ಪದ ಕಂಬಳಿ, ಎಷ್ಟೇ ಒಳ್ಳೆಯ ಉಣ್ಣೆಯದಾದರೂ, 2 ಟಾಗ್ ದಾಟಲಾರದು. ಇದು ನೇಕಾರರ ಕೆಲಸಕ್ಕೆ ಕುಂದಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡಿದ ಆ ಕಂಬಳಿ ಮಳೆಯಲ್ಲಿ ಕುರಿ ಕಾಯುವವರ ಹೊದಿಕೆ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಒದ್ದೆ ಅನಿಸುವುದಿಲ್ಲ. ಒಣ ಬಟ್ಟೆಯ ಮೇಲೆ ಮಾಡಿದ ಟಾಗ್ ಪರೀಕ್ಷೆಯಲ್ಲಿ ಈ ಗುಣ ಕಾಣುವುದೇ ಇಲ್ಲ.

ಮನೆಯಲ್ಲಿ ಖಂಡಿತ ನೋಡಬಹುದು. ಒಂದೇ ಅಳತೆಯ ಮೂರು ಸ್ಟೀಲ್ ಡಬ್ಬಿಗೆ ಒಂದೇ ಪಾತ್ರೆಯ ಬಿಸಿನೀರನ್ನು ಸಮನಾಗಿ ತುಂಬಿ ಮುಚ್ಚಳ ಹಾಕಿ. ಒಂದಕ್ಕೆ ಕಂಬಳಿ, ಇನ್ನೊಂದಕ್ಕೆ ಕೌದಿ ಒಂದೇ ಸುತ್ತು ಸುತ್ತಿ, ಮುಚ್ಚಳವೂ ಮುಚ್ಚಲಿ. ಮೂರನೆಯದು ಬರಿದೇ ಇರಲಿ, ಹೋಲಿಸಲು ಅದು ಬೇಕೇ ಬೇಕು. ಮೂರನ್ನೂ ಮರದ ಹಲಗೆಯ ಮೇಲಿಡಿ. ದಾರ ಬಿಗಿದು ಕಟ್ಟಬೇಡಿ, ಒಳಗಿನ ಗಾಳಿ ಹಿಂಡಿಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ಅದ್ದಿ ನೋಡಿ. ಜ್ವರ ನೋಡುವುದು ಬೇಡ, ಅಡುಗೆಗೆ ಬಳಸುವಂಥದ್ದು ಇರಲಿ. ಆಮೇಲೆ ಇದನ್ನೇ ಫ್ಯಾನಿನ ಕೆಳಗೆ ಮಾಡಿ. ನೇಯ್ಗೆ ಸಡಿಲವಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಮಗಳು 10.5 ಟಾಗ್‌ನ ರಜಾಯಿಯನ್ನು ಅಲ್ಲೇ ಕೊಳ್ಳಲಿ. ಕಂಬಳಿಯನ್ನೂ ಕಳಿಸಿ, ಆದರೆ ರಜಾಯಿಯ ಮೇಲೆ ಹೊದೆಯುವುದು ಬೇಡ. ಅದರ ತೂಕಕ್ಕೆ ರಜಾಯಿ ಚಪ್ಪಟೆಯಾಗುತ್ತದೆ. ಹಾಸಿಗೆಯ ಮೇಲೆ ಕಂಬಳಿ ಹಾಸಿ, ಚುಚ್ಚದಂತೆ ಅದರ ಮೇಲೊಂದು ಹತ್ತಿಯ ದುಪ್ಪಟಿ ಹಾಕಿಕೊಳ್ಳಲಿ.